ಅಪ್‌ಡೇಟ್ ಆಗ್ತಿಲ್ಲವಾ? ತಪ್ಪು ಅಪ್‌ಡೇಟ್‌ದೇ ಆಗಿರಬೇಕಿಲ್ಲ

ಈ ಸಲ ಐದು ಪತ್ರಗಳು ಹೆಚ್ಚುಕಮ್ಮಿ ಒಂದೇ ತೊಂದರೆಯ ಬಗ್ಗೆ ಬಂದಿವೆ. ವಿಂಡೋಸ್ ಅಪ್‌ಡೇಟ್ ಆಗ್ತಿಲ್ಲ, ಇಲ್ಲವೇ ಅಪ್‌ಡೇಟ್ ಆದಮೇಲೆ ಸಿಸ್ಟಂ ಕೆಟ್ಟಿತು ಅಂತ. ಐದರಲ್ಲೂ ವೈರಸ್ ಕೈವಾಡ ಇರುವ ಹಾಗೆ ಕಾಣಿಸಿತು. ಅದಕ್ಕೇ ಒಟ್ಟಿಗೆ ತಗೊಂಡಿದ್ದೇನೆ. ಮೊದಲ ಉತ್ತರ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ, ಉಳಿದವರಿಗೂ ಅದು ಬೇಕಾಗುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಪ್ರಶ್ನೆ: ಸರ್, ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ವಿಂಡೋಸ್ 10 ಇರುವ ಸಿಸ್ಟಂ. ಕೆಲವು ತಿಂಗಳಿಂದ ಅಪ್‌ಡೇಟ್ ಒತ್ತಿದರೆ 0ಎಕ್ಸ್80070424 ಅಂತ ಎರರ್ ಬರುತ್ತದೆ. ಡಿಫೆಂಡರ್ ತೆರೆಯೋದೇ ಇಲ್ಲ. ಬೇರೆ ಆಂಟಿವೈರಸ್ ಹಾಕೋಣ ಅಂದರೆ ಅವರ ಸೈಟ್ ಬರಲ್ಲ, ಆದರೆ ಜಿಮೇಲ್, ಯೂಟ್ಯೂಬ್ ಚೆನ್ನಾಗಿ ಬರುತ್ತವೆ. ಪಕ್ಕದ ಅಂಗಡಿ ಹುಡುಗ ಫಾರ್ಮ್ಯಾಟ್ ಹೊಡೀರಿ ಅಂತಾನೆ. ಎಂಟು ವರ್ಷದ ಲಗ್ನಪತ್ರಿಕೆ ಡಿಸೈನ್, ನುಡಿ ಫೈಲು ಎಲ್ಲ ಇದರಲ್ಲೇ ಇವೆ. ಏನು ಮಾಡಲಿ?
ಓದುಗರು, ತಿಪಟೂರು

ಉತ್ತರ: ನಿಮ್ಮ ಫೈಲುಗಳು ತೆರೆಯುತ್ತಿವೆ ಅಂದರೆ ಅವು ಇನ್ನೂ ಕ್ಷೇಮವಾಗಿವೆ, ಗಾಬರಿ ಬೇಡ. ಆದರೆ ಈಗಲೇ ಆ ಸಿಸ್ಟಂನ ನೆಟ್ ಕೇಬಲ್ ಕಿತ್ತುಬಿಡಿ. ಸರಿಯಾಗುವ ತನಕ ಅದರಲ್ಲಿ ನೆಟ್‌ಬ್ಯಾಂಕಿಂಗ್ ಮಾಡಬೇಡಿ. ಗಿರಾಕಿಗಳ ಪೆನ್‌ಡ್ರೈವ್ ಕೂಡ ಹಾಕಬೇಡಿ, ನಿಮ್ಮಿಂದ ಅವರ ಮನೆಗೆ ಹೋಗೋದು ಬೇಡ.

ಅಪ್‌ಡೇಟ್ ಕೈಕೊಡೋಕೆ ನೂರೆಂಟು ಕಾರಣ ಇರುತ್ತವೆ. ಸಿ ಡ್ರೈವ್ ತುಂಬಿರಬಹುದು, ಸಿಸ್ಟಂನ ತಾರೀಖು ತಪ್ಪಿರಬಹುದು, ಅರ್ಧ ಇನ್‌ಸ್ಟಾಲ್ ಆಗಿರುವಾಗ ಕರೆಂಟ್ ಹೋಗಿರಬಹುದು. ಬರೀ ಅಪ್‌ಡೇಟ್ ಒಂದೇ ನಿಂತಿದ್ದರೆ ನಾನು ವೈರಸ್ ಮಾತೇ ಎತ್ತುತ್ತಿರಲಿಲ್ಲ. ನಿಮ್ಮಲ್ಲಿ ಮೂರು ಒಟ್ಟಿಗೆ ಆಗಿವೆ: ಅಪ್‌ಡೇಟ್ ಇಲ್ಲ, ಡಿಫೆಂಡರ್ ಇಲ್ಲ, ಆಂಟಿವೈರಸ್ ಸೈಟ್ ಮಾತ್ರ ಬರಲ್ಲ. ಸುಮ್ನೆ ಕೆಟ್ಟ ಸಿಸ್ಟಂ ಹೀಗೆ ಆರಿಸಿ ಆರಿಸಿ ಕೆಡೋದಿಲ್ಲ ಅಲ್ವಾ?

ಆ ಎರರ್ ನಂಬರ್ ಕೂಡ ಅದನ್ನೇ ಹೇಳುತ್ತದೆ. ಅಪ್‌ಡೇಟ್ ಅನ್ನೋದು ಒಂದೇ ಪ್ರೋಗ್ರಾಂ ಅಲ್ಲ, ಹಿನ್ನೆಲೆಯಲ್ಲಿ ಓಡುವ ನಾಲ್ಕೈದು ಸರ್ವೀಸ್‌ಗಳು ಸೇರಿ ಮಾಡುವ ಕೆಲಸ. ವಿಂಡೋಸ್ ಅಪ್‌ಡೇಟ್ ಸರ್ವೀಸ್ ಹೊಸದು ಏನು ಬಂದಿದೆ ಅಂತ ವಿಚಾರಿಸುತ್ತದೆ. ಬಿಟ್ಸ್ ಅನ್ನುವುದು ಫೈಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತದೆ. ಕ್ರಿಪ್ಟೋಗ್ರಾಫಿಕ್ ಸರ್ವೀಸ್ ಬಂದ ಫೈಲು ಅಸಲಿಯೋ ನಕಲಿಯೋ ಅಂತ ಸಹಿ ನೋಡುತ್ತದೆ. ಮಾಡ್ಯೂಲ್ಸ್ ಇನ್‌ಸ್ಟಾಲರ್ ಅದನ್ನು ಜಾಗಕ್ಕೆ ಕೂರಿಸುತ್ತದೆ. ಎರರ್‌ನ ಕೊನೆಯಲ್ಲಿ 0422 ಅಂತ ಬಂದರೆ ಸರ್ವೀಸ್ ಆಫ್ ಆಗಿದೆ ಅಂತ ಅರ್ಥ. ನಿಮಗೆ ಬಂದಿರುವುದು 0424. ಅಂದರೆ ಆ ಸರ್ವೀಸ್ ಸಿಸ್ಟಂನಲ್ಲಿ ಇಲ್ಲವೇ ಇಲ್ಲ, ವಿಂಡೋಸ್ ತನ್ನ ಸೆಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಿಂದಲೇ ಅಳಿಸಿಹಾಕಿದ್ದಾರೆ. ಝೀರೋಆಕ್ಸೆಸ್ ಅನ್ನೋ ರೂಟ್‌ಕಿಟ್ (ವಿಂಡೋಸ್‌ನ ಅಡಿಯಲ್ಲಿ ಅಡಗಿ ಕೂರುವ ವೈರಸ್) ಸರಿಯಾಗಿ ಈ ಕೆಲಸಕ್ಕೇ ಹೆಸರಾಗಿತ್ತು, ಫೈರ್‌ವಾಲ್, ಡಿಫೆಂಡರ್, ಬಿಟ್ಸ್ ಸರ್ವೀಸ್‌ಗಳನ್ನು ಬುಡಸಮೇತ ಕೀಳುತ್ತಿತ್ತು. ಒಂದು ವಿಷಯ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಅಪ್‌ಡೇಟ್ ಶಾಶ್ವತವಾಗಿ ಬಂದ್ ಮಾಡುವ ಟೂಲ್ ಅಂತ ಯಾರಾದರೂ ಏನಾದರೂ ಓಡಿಸಿದ್ದಾರಾ ಅಂತ. ಅದರಿಂದಲೂ ಈ ಎರರ್ ಬರಬಹುದು. ಆದರೆ ಆಂಟಿವೈರಸ್ ಸೈಟ್ ಬರದೇ ಇರೋದಕ್ಕೆ ಅದು ಉತ್ತರ ಆಗಲ್ಲ.

ವೈರಸ್‌ಗೆ ಅಪ್‌ಡೇಟ್ ಮೇಲೆ ಯಾಕೆ ಕಣ್ಣು ಅಂದರೆ, ಅದು ಒಳಗೆ ಬಂದ ತೂತು ಮುಚ್ಚೋದೇ ಅಪ್‌ಡೇಟ್. ಜೊತೆಗೆ ಮೈಕ್ರೋಸಾಫ್ಟ್ 2005ರಿಂದಲೂ ವೈರಸ್ ತೆಗೆಯುವ ಒಂದು ಸಣ್ಣ ಟೂಲನ್ನು ಅಪ್‌ಡೇಟ್ ಜೊತೆಗೇ ಕಳಿಸುತ್ತಾ ಬಂದಿದೆ. ಕಾನ್‌ಫಿಕರ್ ಇದಕ್ಕೆ ಒಳ್ಳೆಯ ಉದಾಹರಣೆ. 2008ರ ಅಕ್ಟೋಬರ್ 23ಕ್ಕೆ ಮೈಕ್ರೋಸಾಫ್ಟ್ ತೇಪೆ ಬಿಟ್ಟಿತು, ಅದನ್ನು ಹಾಕಿಕೊಳ್ಳದ ಸಿಸ್ಟಂಗಳಿಗೆ ನವೆಂಬರ್‌ನಲ್ಲಿ ಈ ಹುಳ ನುಗ್ಗಿತು. ನುಗ್ಗಿದ ಕೂಡಲೇ ಅಪ್‌ಡೇಟ್, ಬಿಟ್ಸ್, ಡಿಫೆಂಡರ್ ಮೂರನ್ನೂ ನಿಲ್ಲಿಸುತ್ತಿತ್ತು, ಸೈಟಿನ ಹೆಸರಿನಲ್ಲಿ ಮೈಕ್ರೋಸಾಫ್ಟ್ ಅಥವಾ ಆಂಟಿವೈರಸ್ ಕಂಪನಿ ಹೆಸರು ಕಂಡರೆ ಪುಟವೇ ತೆರೆಯದ ಹಾಗೆ ಮಾಡುತ್ತಿತ್ತು. ಅದನ್ನು ಬರೆದವರ ಸುಳಿವು ಕೊಟ್ಟರೆ ಎರಡೂವರೆ ಲಕ್ಷ ಡಾಲರ್ ಬಹುಮಾನ ಅಂತ ಮೈಕ್ರೋಸಾಫ್ಟ್ 2009ರ ಫೆಬ್ರುವರಿಯಲ್ಲಿ ಘೋಷಿಸಿತ್ತು. ನಿಮ್ಮದು ಕಾನ್‌ಫಿಕರ್ ಅಂತ ನಾನು ಹೇಳುತ್ತಿಲ್ಲ. ಆದರೆ ಇವತ್ತಿನವುಗಳೂ ಅದೇ ದಾರಿ ಹಿಡಿಯುತ್ತವೆ.

ಸೈಟ್ ಬರದಿರಲು ಕಾರಣ ಬಹುಶಃ ಹೋಸ್ಟ್ಸ್ ಫೈಲ್. ಸಿ ಡ್ರೈವ್, ವಿಂಡೋಸ್, ಸಿಸ್ಟಂ32, ಡ್ರೈವರ್ಸ್, ಅದರೊಳಗೆ ಇಟಿಸಿ ಅನ್ನೋ ಫೋಲ್ಡರ್, ಅಲ್ಲಿ ಇದೆ. ಯಾವ ಸೈಟ್ ಎಲ್ಲಿದೆ ಅಂತ ಸಿಸ್ಟಂ ಮೊದಲು ನೋಡುವುದು ಇದನ್ನೇ. ನನ್ನ ಅಕ್ಕನ ಮಗನ ಲ್ಯಾಪ್‌ಟಾಪ್‌ಗೆ ಹೀಗೇ ಆಗಿತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಮಾಮೂಲಿ ಹ್ಯಾಶ್ ಗುರುತಿನ ಹತ್ತಿಪ್ಪತ್ತು ಸಾಲು, ಕೆಳಗೆ ಖಾಲಿ. ಸರಿಯಾಗೇ ಇದೆ ಅಂತ ಮುಚ್ಚಬೇಕು ಅನ್ನುವಾಗ ಬಲಗಡೆಯ ಸ್ಕ್ರಾಲ್ ಬಾರ್ ಕಣ್ಣಿಗೆ ಬಿತ್ತು. ಇಷ್ಟು ಚಿಕ್ಕ ಫೈಲಿಗೆ ಅದು ಇರಲೇಬಾರದು. ಎಳೆಯುತ್ತಾ ಹೋದೆ, ಬರೀ ಖಾಲಿ ಸಾಲು, ಖಾಲಿ ಸಾಲು, ಆಮೇಲೆ ತಳದಲ್ಲಿ ಒಂದರ ಕೆಳಗೆ ಒಂದು 127.0.0.1, ಪ್ರತಿಯೊಂದರ ಮುಂದೆಯೂ ಒಂದೊಂದು ಆಂಟಿವೈರಸ್ ಕಂಪನಿಯ ಸೈಟ್. ಅಂದರೆ ಆ ಸೈಟ್ ಕೇಳಿದರೆ ನಿನ್ನ ಹತ್ತಿರವೇ ಹುಡುಕಿಕೋ ಅಂತ ಸಿಸ್ಟಂಗೆ ಹೇಳಿದ ಹಾಗೆ. ನೋಡುವವರು ಮೊದಲ ಪರದೆ ನೋಡಿ ಮುಚ್ಚಲಿ ಅಂತಲೇ ಅಷ್ಟೊಂದು ಖಾಲಿ ಸಾಲು ತುಂಬಿದ್ದರು. ನೀವೂ ಫೈಲಿನ ಸೈಜ್ ನೋಡಿ, ಮಾಮೂಲಿ ಹೋಸ್ಟ್ಸ್ ಫೈಲ್ 1 ಕೆಬಿ ಕೂಡ ಇರಲ್ಲ.

ಆದರೆ ಅದನ್ನು ಈಗಲೇ ಅಳಿಸಲು ಕೂರಬೇಡಿ. ವೈರಸ್ ಜೀವಂತ ಇದ್ದರೆ ಮತ್ತೆ ಬರೆಯುತ್ತದೆ. ತುಂಬ ಜನ ಎಡವುವುದು ಇಲ್ಲೇ. ಎರರ್ ನಂಬರ್ ಹುಡುಕಿ, ಸಿಕ್ಕಿದ ಕಮಾಂಡ್ ಎಲ್ಲ ಹೊಡೆದು, ಒಂದು ದಿನ ಸರಿಹೋಗಿ ಮಾರನೇ ದಿನ ಮತ್ತೆ ಅದೇ ಪಾಡು. ಮೊದಲು ವೈರಸ್ ತೆಗೆಯಬೇಕು, ರಿಪೇರಿ ಆಮೇಲೆ.

ಎಲ್ಲಕ್ಕೂ ಮುಂಚೆ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಕೋರಲ್, ಫೋಟೋಶಾಪ್, ನುಡಿ, ಪಿಡಿಎಫ್ ಫೈಲುಗಳು ಸಾಕು. ಸೆಟಪ್ ಫೈಲು, ಇಎಕ್ಸ್‌ಇ ಫೈಲು ಒಂದನ್ನೂ ತಗೋಬೇಡಿ. ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ, ನಿಮ್ಮದರಲ್ಲಿ ಅಲ್ಲ, ಯಾವುದಾದರೂ ಆಂಟಿವೈರಸ್ ಕಂಪನಿಯ ರೆಸ್ಕ್ಯೂ ಡಿಸ್ಕ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆ ಪೆನ್‌ಡ್ರೈವ್‌ನಿಂದ ಸಿಸ್ಟಂ ಬೂಟ್ ಮಾಡಿ ಪೂರ್ತಿ ಸ್ಕ್ಯಾನ್ ಕೊಡಿ. ಹೊರಗಿನಿಂದ ಬೂಟ್ ಮಾಡೋದು ಯಾಕೆ ಅಂದರೆ, ರೂಟ್‌ಕಿಟ್ ಜಾತಿಯ ವೈರಸ್ ವಿಂಡೋಸ್ ಓಡುತ್ತಿರುವಾಗ ಅದರ ಅಡಿಯಲ್ಲೇ ಕೂತಿರುತ್ತದೆ, ಸ್ಕ್ಯಾನರ್ ಕೇಳಿದರೆ ಇಲ್ಲಿ ಏನೂ ಇಲ್ಲ ಅಂತ ಹೇಳಿಸುತ್ತದೆ. ವಿಂಡೋಸ್ ಓಡದೇ ಇದ್ದಾಗ ಅದೂ ಡಿಸ್ಕ್ ಮೇಲೆ ಸುಮ್ನೆ ಬಿದ್ದಿರುವ ಒಂದು ಫೈಲು, ಸಿಕ್ಕಿಬೀಳುತ್ತದೆ. ಡಿಫೆಂಡರ್ ತೆರೆಯುವವರಿಗೆ ಇದೇ ಕೆಲಸಕ್ಕೆ ಅದರಲ್ಲೇ ಆಫ್‌ಲೈನ್ ಸ್ಕ್ಯಾನ್ ಇದೆ, ಸಿಸ್ಟಂ ರೀಸ್ಟಾರ್ಟ್ ಆಗಿ ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನೀವು ಎರಡನೇ ಸಲಕ್ಕೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಕೂಡ ಓಡಿಸಿ. ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಹಾಗಾಗಿ ಹಳೇ ಕಾಪಿ ನಡೆಯಲ್ಲ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇಂಥ ಟೂಲ್‌ಗಳನ್ನು ಪುಕ್ಕಟೆ ಕೊಡುತ್ತಿದೆ, ಅದನ್ನೂ ನೋಡಬಹುದು.

ಸ್ಕ್ಯಾನ್ ಎರಡು ಸಲ ಚೊಕ್ಕ ಬಂದಮೇಲೆ ಹೋಸ್ಟ್ಸ್ ಫೈಲಿನ ಆ ಸಾಲುಗಳನ್ನು ಅಳಿಸಿ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಮಾತ್ರ ಸೇವ್ ಆಗುತ್ತದೆ. ಸೆಟಿಂಗ್ಸ್‌ನಲ್ಲಿ ಪ್ರಾಕ್ಸಿ (ನಿಮ್ಮ ನೆಟ್ ಅನ್ನು ಬೇರೊಂದು ಕಂಪ್ಯೂಟರ್ ಮೂಲಕ ಕಳಿಸುವ ವ್ಯವಸ್ಥೆ) ಆನ್ ಆಗಿದೆಯಾ ನೋಡಿ, ನೀವು ಹಾಕಿಲ್ಲ ಅಂದರೆ ಆಫ್ ಮಾಡಿ.

ಇನ್ನು ರಿಪೇರಿ. ಸಾಮಾನ್ಯವಾಗಿ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್-ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್ ಅಂತ ಕೊಡುತ್ತಾರೆ, ಅದಾದಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಇದೇ ಕ್ರಮ, ತಿರುಗಿಸಬೇಡಿ. ಎಸ್‌ಎಫ್‌ಸಿ ಕೆಟ್ಟ ಫೈಲು ತೆಗೆದು ಒಳ್ಳೇದು ಹಾಕುತ್ತದೆ, ಆ ಒಳ್ಳೇದನ್ನು ವಿಂಡೋಸ್‌ನ ಉಗ್ರಾಣದಿಂದ ತರುತ್ತದೆ. ಉಗ್ರಾಣವೇ ಕೆಟ್ಟಿದ್ದರೆ ಏನು ತರುತ್ತದೆ? ಅದನ್ನು ಸರಿಮಾಡೋದು ಡಿಐಎಸ್‌ಎಂ. ಆದರೆ ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. ಡಿಐಎಸ್‌ಎಂ ತನಗೆ ಬೇಕಾದ್ದನ್ನು ತರಿಸಿಕೊಳ್ಳೋದು ವಿಂಡೋಸ್ ಅಪ್‌ಡೇಟ್ ಮೂಲಕವೇ. ನಿಮ್ಮಲ್ಲಿ ಅದೇ ಇಲ್ಲ. ಆದ್ದರಿಂದ ನೀವು ಇದರಲ್ಲಿ ಸಂಜೆ ಕಳೆಯೋದು ಬೇಡ.

ನಿಮಗೆ ಸರಿಯಾದದ್ದು ರಿಪೇರಿ ಇನ್‌ಸ್ಟಾಲ್. ಮೈಕ್ರೋಸಾಫ್ಟ್ ಸೈಟಿನಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್ ಒಂದನ್ನು ತಯಾರು ಮಾಡಿ. ನಿಮ್ಮ ಸಿಸ್ಟಂ ವಿಂಡೋಸ್‌ಗೆ ಬಂದಿರುವಾಗಲೇ ಅದನ್ನು ಚುಚ್ಚಿ ಸೆಟಪ್ ಓಡಿಸಿ. ಪರ್ಸನಲ್ ಫೈಲ್ಸ್ ಮತ್ತು ಆ್ಯಪ್ಸ್ ಉಳಿಸಿಕೊಳ್ಳುವ ಆಯ್ಕೆ ಟಿಕ್ ಆಗಿದೆಯಾ ಅಂತ ಎರಡು ಸಲ ನೋಡಿ. ಫೈಲು, ಪ್ರೋಗ್ರಾಂ ಎಲ್ಲ ಇದ್ದಹಾಗೇ ಇದ್ದು ಅಳಿಸಿಹೋದ ಸರ್ವೀಸ್‌ಗಳು ಮತ್ತೆ ಬರುತ್ತವೆ. ಯಾವುದೋ ಸೈಟಿನಿಂದ ರಿಜಿಸ್ಟ್ರಿ ಫೈಲ್ ಇಳಿಸಿ ಡಬಲ್ ಕ್ಲಿಕ್ ಮಾಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ, ನಾನು ಹೇಳಲ್ಲ. ಒಂದು ವೈರಸ್ ತೆಗೆದು ಇನ್ನೊಬ್ಬರ ಫೈಲನ್ನು ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಂಡ ಹಾಗೆ ಅದು.

ಸ್ಕ್ಯಾನ್‌ನಲ್ಲಿ ರೂಟ್‌ಕಿಟ್ ಅಥವಾ ಪಾಸ್‌ವರ್ಡ್ ಕದಿಯುವಂಥದ್ದು ಸಿಕ್ಕರೆ ಮಾತ್ರ ಪಕ್ಕದ ಅಂಗಡಿ ಹುಡುಗ ಹೇಳಿದ್ದೇ ಸರಿ. ಬ್ಯಾಕಪ್ ಹೇಗೂ ಇದೆ, ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಪಾಸ್‌ವರ್ಡ್‌ಗಳನ್ನು ಫೋನ್‌ನಿಂದ ಬದಲಾಯಿಸಿ.

ಇನ್ನೆರಡು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಹೆಸರು ಹಚ್ಚಿದವರಿಗೆ ಮನೆಬಳಕೆಯ ಸಿಸ್ಟಂಗಳಲ್ಲಿ 2026ರ ಅಕ್ಟೋಬರ್ 13ರವರೆಗೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ನಿಮ್ಮ ಸಿಸ್ಟಂನಲ್ಲಿ ವಿಂಡೋಸ್ 11 ಓಡುತ್ತದಾ ನೋಡಿ, ಓಡುವ ಹಾಗಿದ್ದರೆ ಈಗಲೇ ಅದಕ್ಕೆ ಹೋಗಿ. ಮತ್ತೆ, ವೈರಸ್ ಬಂದಿದ್ದು ಕ್ರ್ಯಾಕ್ ಮಾಡಿದ ಡಿಸೈನ್ ಸಾಫ್ಟ್‌ವೇರ್‌ನಿಂದ ಆಗಿದ್ದರೆ ಅದನ್ನೇ ಮತ್ತೆ ಹಾಕಿದ ದಿನ ಇದೆಲ್ಲ ನೀರಲ್ಲಿ ಹೋಮ. ಚಿಕ್ಕ ಅಂಗಡಿಗೆ ಲೈಸೆನ್ಸ್ ಭಾರ ಅನ್ನೋದು ನನಗೂ ಗೊತ್ತು. ನುಡಿ ಉಚಿತವಾಗೇ ಸಿಗುತ್ತದೆ. ಇಂಕ್‌ಸ್ಕೇಪ್, ಗಿಂಪ್ ಎರಡೂ ಪುಕ್ಕಟೆ. ಕೈಗೆ ಹತ್ತೋಕೆ ತಿಂಗಳು ಬೇಕು, ಆದರೆ ಪತ್ರಿಕೆ ಡಿಸೈನ್‌ಗೆ ಸಾಕಾಗುತ್ತವೆ.

ಪ್ರಶ್ನೆ: ನಾನು ಹಾಸ್ಟೆಲ್‌ನಲ್ಲಿ ಇದ್ದು ಓದುತ್ತಿದ್ದೇನೆ. ವಿಡಿಯೋ ಎಡಿಟ್ ಮಾಡೋಕೆ ಒಂದು ಕ್ರ್ಯಾಕ್ ಇಳಿಸಿದೆ. ಓಡಿಸಿದ ಕೂಡಲೇ ವಿಂಡೋಸ್ ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ ಅಂತ ಬಂತು. ಕಾದೆ. ಆಮೇಲೆ ನೋಡಿದರೆ ಒಂದು ಫೈಲೂ ತೆರೆಯಲ್ಲ, ಎಲ್ಲದರ ಹೆಸರಿನ ಕೊನೆಗೆ ಏನೋ ನಾಲ್ಕಕ್ಷರ ಸೇರಿದೆ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಆದರೆ 490 ಅಂತ ಒಂದು ಚೀಟಿ ಫೈಲ್ ಇದೆ. ಅಪ್‌ಡೇಟ್ ಫೇಲ್ ಆಗಿ ಹೀಗಾಯ್ತಾ? ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಹೋಯ್ತು ಸರ್.
ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಸಂಕಟ ಆಯ್ತು. ಅದು ಅಪ್‌ಡೇಟ್ ಅಲ್ಲವೇ ಅಲ್ಲ. ನೀವು ಬರೆದ ಮೊತ್ತ, ನಾಲ್ಕಕ್ಷರದ ಬಾಲ, ನಕಲಿ ಅಪ್‌ಡೇಟ್ ಕಿಟಕಿ, ಮೂರೂ ಸ್ಟಾಪ್ ಅಥವಾ ಡೇಜಾವೂ ಅಂತ ಕರೆಯುವ ರಾನ್ಸಮ್‌ವೇರ್‌ಗೆ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಂದುತ್ತವೆ. 2018ರಿಂದ ಇದೆ. ಹರಡೋದು ಮುಖ್ಯವಾಗಿ ಕ್ರ್ಯಾಕ್, ಕೀಜೆನ್‌ಗಳಿಂದ, ಹಾಗಾಗಿ ಇದಕ್ಕೆ ಸಿಕ್ಕಿಬೀಳೋರಲ್ಲಿ ವಿದ್ಯಾರ್ಥಿಗಳು ಜಾಸ್ತಿ. ಫೈಲುಗಳನ್ನು ಬೀಗ ಹಾಕಲು ಡಿಸ್ಕ್ ಜೋರಾಗಿ ಓಡಬೇಕು, ಲ್ಯಾಪ್‌ಟಾಪ್ ನಿಧಾನ ಆಗುತ್ತದೆ, ಅನುಮಾನ ಬರಬಾರದು ಅಂತ ಆ ಹೊತ್ತಿಗೆ ಅಪ್‌ಡೇಟ್ ಅನ್ನೋ ಪರದೆ ತೋರಿಸಿ ನಿಮ್ಮನ್ನು ಕಾಯಿಸಿದ್ದಾರೆ. ಅಸಲಿ ಅಪ್‌ಡೇಟ್ ಬರೋದು ಸೆಟಿಂಗ್ಸ್ ಒಳಗೆ, ಇಲ್ಲವೇ ಶಟ್‌ಡೌನ್, ರೀಸ್ಟಾರ್ಟ್ ಹೊತ್ತಿನಲ್ಲಿ. ಒಂದು ಪ್ರೋಗ್ರಾಂ ಕ್ಲಿಕ್ ಮಾಡಿದ ಬೆನ್ನಿಗೆ ಬರಲ್ಲ.

ದುಡ್ಡು ಕೊಡಬೇಡಿ. ಬೀಗ ಬಿದ್ದ ಫೈಲುಗಳನ್ನೂ ಆ ಚೀಟಿಯನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ಇಟ್ಟುಕೊಳ್ಳಿ. ಎಮ್ಸಿಸಾಫ್ಟ್ ಅನ್ನೋ ಕಂಪನಿ 2019ರ ಅಕ್ಟೋಬರ್‌ನಲ್ಲಿ ಇದಕ್ಕೆ ಉಚಿತ ಬೀಗ ತೆಗೆಯುವ ಟೂಲ್ ಬಿಟ್ಟಿದೆ. ಸುಳ್ಳು ಆಸೆ ಹುಟ್ಟಿಸಲ್ಲ: 2019ರ ಆಗಸ್ಟ್ ಆದಮೇಲೆ ಬಂದ ತಳಿಗಳಲ್ಲಿ, ವೈರಸ್‌ಗೆ ತನ್ನ ಸರ್ವರ್ ಸಿಗದೆ ಆಫ್‌ಲೈನ್ ಕೀ (ತನ್ನೊಳಗೇ ಇಟ್ಟುಕೊಂಡ ಬೀಗದ ಕೈ) ಬಳಸಿದ್ದರೆ, ಮತ್ತು ಆ ಕೀ ಅವರ ಕೈಗೆ ಸಿಕ್ಕಿದ್ದರೆ ಮಾತ್ರ ಫೈಲು ವಾಪಸ್ ಬರುತ್ತದೆ. ಇವತ್ತು ಆಗದಿದ್ದರೂ ಮುಂದೆ ಕೀ ಸಿಗಬಹುದು, ಅದಕ್ಕೇ ಫೈಲು ಅಳಿಸಬೇಡಿ ಅಂದಿದ್ದು. ಯುರೋಪೋಲ್ ಮತ್ತಿತರರು 2016ರಲ್ಲಿ ಶುರುಮಾಡಿದ ನೋ ಮೋರ್ ರಾನ್ಸಮ್ ಸೈಟಿನಲ್ಲೂ ಹುಡುಕಿ. ರಿಪೋರ್ಟ್‌ನ ಹಳೇ ಕಾಪಿ ಗೈಡ್‌ಗೆ ಮೇಲ್ ಮಾಡಿದ್ದಿರಬಹುದು, ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಿದ್ದಿರಬಹುದು, ಅದನ್ನು ಮೊದಲು ನೋಡಿ, ಬೇಗ ಕೈಗೆ ಸಿಗೋದು ಅದೇ. ಈ ರಾನ್ಸಮ್‌ವೇರ್ ಜೊತೆಗೆ ಪಾಸ್‌ವರ್ಡ್ ಕಳ್ಳರನ್ನೂ ಕರೆದುಕೊಂಡು ಬರುತ್ತದೆ. ಹಾಗಾಗಿ ಇವತ್ತೇ ಫೋನ್‌ನಿಂದ ಎಲ್ಲ ಪಾಸ್‌ವರ್ಡ್ ಬದಲಾಯಿಸಿ. ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕ್ರ್ಯಾಕ್ ಇಳಿಸಿದೆ ಅಂತ ಹೇಳೋಕೆ ಅಂಜಿ ಸುಮ್ಮನಿರಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹಿಂದೆ ಒಮ್ಮೆ ಅಪ್‌ಡೇಟ್ ಆದಮೇಲೆ ನೀಲಿ ಪರದೆ ಬಂದು ಕಂಪ್ಯೂಟರ್ ಏಳಲೇ ಇಲ್ಲ. ರಿಪೇರಿಯವರು ಅಪ್‌ಡೇಟ್ ಬಂದ್ ಮಾಡಿಕೊಟ್ಟರು. ಈಗಲೂ ಹಾಗೇ ಇದೆ. ಇದು ಸರಿಯೇ?
ಓದುಗರು, ಸಾಗರ

ಉತ್ತರ: ಸರಿಯಲ್ಲ ಮೇಷ್ಟ್ರೇ, ದಯವಿಟ್ಟು ಆನ್ ಮಾಡಿಸಿ. ನಿಮ್ಮದು ಯಾಕೆ ಕೆಟ್ಟಿತ್ತು ಅಂತ ಇಲ್ಲಿಂದ ಹೇಳಲಾರೆ, ಆದರೆ ಇಂಥದ್ದೇ ಒಂದು ಹಳೇ ಪ್ರಸಂಗ ಹೇಳುತ್ತೇನೆ. 2010ರ ಫೆಬ್ರುವರಿಯಲ್ಲಿ ಒಂದು ಅಪ್‌ಡೇಟ್ ಬಂತು. ಹಾಕಿಕೊಂಡ ಎಷ್ಟೋ ವಿಂಡೋಸ್ ಎಕ್ಸ್‌ಪಿ ಸಿಸ್ಟಂಗಳು ನೀಲಿ ಪರದೆಗೆ ಬಿದ್ದು ಏಳಲಿಲ್ಲ. ಎಲ್ಲರೂ ಮೈಕ್ರೋಸಾಫ್ಟ್ ಅನ್ನು ಬೈದರು. ಕೆದಕಿ ನೋಡಿದರೆ ಬಿದ್ದ ಸಿಸ್ಟಂಗಳಲ್ಲಿ ಅಲ್ಯೂರಿಯಾನ್ ಅನ್ನೋ ರೂಟ್‌ಕಿಟ್ ಮೊದಲೇ ಅಡಗಿ ಕೂತಿತ್ತು. ಅದು ವಿಂಡೋಸ್‌ನ ತಿರುಳಿನಲ್ಲಿ ಯಾವುದು ಯಾವ ಜಾಗದಲ್ಲಿದೆ ಅಂತ ವಿಳಾಸ ಗಟ್ಟಿಮಾಡಿಕೊಂಡಿತ್ತು. ಅಪ್‌ಡೇಟ್ ಆ ತಿರುಳನ್ನೇ ಬದಲಿಸಿತು, ರೂಟ್‌ಕಿಟ್ ಹಳೇ ವಿಳಾಸಕ್ಕೆ ಹೋಗಿ ಎಡವಿತು, ಸಿಸ್ಟಂ ಕುಸಿಯಿತು. ಆಮೇಲೆ ಮೈಕ್ರೋಸಾಫ್ಟ್ ರೂಟ್‌ಕಿಟ್‌ನಂಥದ್ದು ಕಂಡರೆ ಅಪ್‌ಡೇಟೇ ಕೂರದ ಹಾಗೆ ಬದಲಾಯಿಸಿ ಮತ್ತೆ ಬಿಟ್ಟಿತು. ಅಪ್‌ಡೇಟ್ ಬರದೇ ಇದ್ದಿದ್ದರೆ ತಮ್ಮ ಸಿಸ್ಟಂನಲ್ಲಿ ಕಳ್ಳ ಇದ್ದಾನೆ ಅಂತ ಆ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಬಂದ್ ಮಾಡಿದರೆ ಏನಾಗುತ್ತೆ ಅನ್ನೋದನ್ನು ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ತೋರಿಸಿತು. ಅದು ನುಗ್ಗಿದ ತೂತಿಗೆ 2017ರ ಮಾರ್ಚ್ 14ಕ್ಕೇ ತೇಪೆ ಬಂದಿತ್ತು. ದಾಳಿ ಆಗಿದ್ದು ಮೇ 12ಕ್ಕೆ. ಸುಮಾರು ಎರಡು ತಿಂಗಳು ಸಮಯ ಇತ್ತು. ಹಾಕಿಕೊಳ್ಳದವರು, ಅದರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ, ಸಿಕ್ಕಿಬಿದ್ದರು.

ಕಂಪನಿಯದ್ದೇ ತಪ್ಪು ಆಗಿರೋದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಂ ಬಿದ್ದವು. ಅಂಥ ಭಯ ಇದ್ದರೆ ಸೆಟಿಂಗ್ಸ್‌ನಲ್ಲಿ 7 ದಿನ ಮುಂದೂಡುವ ಬಟನ್ ಇದೆ, ಒಂದು ವಾರ ತಡೆದು ಹಾಕಿ. ತಿಂಗಳ ಎರಡನೇ ಮಂಗಳವಾರ ರಾತ್ರಿ ನಮ್ಮಲ್ಲಿ ಹೊಸ ಕಂತು ಬರುತ್ತದೆ. ಮುಂದಿನ ಮಂಗಳವಾರ ಹಾಕಿಕೊಂಡರೂ ನಡೆಯುತ್ತದೆ. ಆನ್ ಮಾಡುವ ಮುಂಚೆ ಒಂದು ಆಫ್‌ಲೈನ್ ಸ್ಕ್ಯಾನ್ ಮಾತ್ರ ಮಾಡಿಸಿ.

ಪ್ರಶ್ನೆ: ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ತಂದೆ. ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿವೆ. ಮಗಳ ಫೋಟೋಗಳು ಅದರಲ್ಲಿದ್ದವು. ಒಂದನ್ನು ಕ್ಲಿಕ್ ಮಾಡಿದೆ, ಆಮೇಲಿಂದ ಲ್ಯಾಪ್‌ಟಾಪ್ ಅಪ್‌ಡೇಟೂ ಆಗ್ತಿಲ್ಲ.
ಓದುಗರು, ಹಾವೇರಿ

ಉತ್ತರ: ಫೋಟೋ ಹೋಗಿಲ್ಲ ಅಮ್ಮಾ. ವೈರಸ್ ಫೋಲ್ಡರ್‌ಗಳನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ನೀವು ಕ್ಲಿಕ್ ಮಾಡಿದ್ದು ಆ ಶಾರ್ಟ್‌ಕಟ್, ಲ್ಯಾಪ್‌ಟಾಪ್‌ಗೆ ಬಂದಿದ್ದು ಅದರಿಂದಲೇ ಇರಬೇಕು. ಮೊದಲು ಲ್ಯಾಪ್‌ಟಾಪ್‌ಗೆ ಮೇಲೆ ಹೇಳಿದ ಆಫ್‌ಲೈನ್ ಸ್ಕ್ಯಾನ್ ಮಾಡಿ. ಆಮೇಲೆ ಪೆನ್‌ಡ್ರೈವ್ ಹಾಕಿ, ಯಾವುದನ್ನೂ ತೆರೆಯದೆ ಅದಕ್ಕೂ ಸ್ಕ್ಯಾನ್ ಕೊಡಿ. ಕೊನೆಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಟಿಟಿಆರ್‌ಐಬಿ, ಸ್ಪೇಸ್, ಮೈನಸ್ ಎಚ್, ಸ್ಪೇಸ್, ಮೈನಸ್ ಎಸ್, ಸ್ಪೇಸ್, ಮೈನಸ್ ಆರ್, ಸ್ಪೇಸ್, ನಿಮ್ಮ ಪೆನ್‌ಡ್ರೈವ್‌ನ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರ, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಡಿ ಅಂತ ಕೊಟ್ಟರೆ ಫೋಲ್ಡರ್‌ಗಳು ಕಣ್ಣಿಗೆ ಬೀಳುತ್ತವೆ. ಶಾರ್ಟ್‌ಕಟ್ ಎಲ್ಲ ಅಳಿಸಿ. ಪ್ರಿಂಟ್‌ಗೆ ಮುಂದೆ ಬೇರೆ ಖಾಲಿ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಫೋಟೋ ಇರೋದು ಮನೆ ಬಿಟ್ಟು ಹೋಗೋದು ಬೇಡ.

ಪ್ರಶ್ನೆ: ಮನೆಯ ಎರಡೂ ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್ ಆಗ್ತಿಲ್ಲ, 0ಎಕ್ಸ್80072ಇಇ7 ಅಂತ ಬರುತ್ತೆ. ಸ್ಕ್ಯಾನ್ ಮಾಡಿದರೆ ಏನೂ ಇಲ್ಲ. ಫೋನ್‌ನ ಹಾಟ್‌ಸ್ಪಾಟ್ ಹಾಕಿದರೆ ಎರಡೂ ಸರಿಯಾಗಿ ಅಪ್‌ಡೇಟ್ ಆಗುತ್ತವೆ!
ಓದುಗರು, ಮೈಸೂರು

ಉತ್ತರ: ಹಾಟ್‌ಸ್ಪಾಟ್ ಹಾಕಿ ನೋಡಿದ್ದು ತುಂಬ ಒಳ್ಳೆಯದಾಯಿತು, ಅರ್ಧ ಕೆಲಸ ಅಲ್ಲೇ ಮುಗಿಯಿತು. ಆ ಎರರ್‌ಗೆ ಸರ್ವರ್‌ನ ಹೆಸರಿಗೆ ವಿಳಾಸ ಸಿಗಲಿಲ್ಲ ಅಂತ ಅರ್ಥ. ಎರಡರಲ್ಲೂ ಒಂದೇ ತೊಂದರೆ, ಬೇರೆ ನೆಟ್‌ನಲ್ಲಿ ಇಲ್ಲ ಅಂದರೆ ನೋಡಬೇಕಾದ್ದು ರೌಟರ್. ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಅದರ ಡಿಎನ್‌ಎಸ್ ಸೆಟಿಂಗ್ ಯಾರೋ ಬದಲಿಸಿರಬಹುದು. ಡಿಎನ್‌ಎಸ್ ಚೇಂಜರ್ ಅನ್ನೋ ವೈರಸ್ ಇದೇ ಕೆಲಸ ಮಾಡಿ ಲಕ್ಷಾಂತರ ಜನರನ್ನು ತಪ್ಪು ದಾರಿಗೆ ಹಚ್ಚಿತ್ತು. ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಆ ಗುಂಪನ್ನು ಬಯಲಿಗೆಳೆಯಿತು.

ರೌಟರ್ ಹಿಂದೆ ಸಣ್ಣ ತೂತಿನಲ್ಲಿ ರೀಸೆಟ್ ಬಟನ್ ಇರುತ್ತದೆ. ಆದರೆ ಒತ್ತುವ ಮುಂಚೆ ನಿಮ್ಮ ನೆಟ್ ಕೊಡುವವರಿಂದ ಯೂಸರ್ ನೇಮ್, ಪಾಸ್‌ವರ್ಡ್ ಬರೆಸಿಕೊಳ್ಳಿ, ಇಲ್ಲದಿದ್ದರೆ ಅವರು ಬರೋ ತನಕ ನೆಟ್ ಇರಲ್ಲ. ರೀಸೆಟ್ ಆದಮೇಲೆ ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಹೆಚ್ಚಿನ ಮನೆಗಳಲ್ಲಿ ಅಡ್ಮಿನ್ ಅನ್ನೋ ಪದವೇ ಇನ್ನೂ ಪಾಸ್‌ವರ್ಡ್ ಆಗಿ ಕೂತಿರುತ್ತದೆ. ಕಂಪನಿ ರೌಟರ್‌ಗೆ ಹೊಸ ಫರ್ಮ್‌ವೇರ್ (ರೌಟರ್ ಒಳಗಿನ ಸಾಫ್ಟ್‌ವೇರ್) ಬಿಟ್ಟಿದ್ದರೆ ಅದನ್ನೂ ಹಾಕಿ, ಆಮೇಲೆ ಎರಡೂ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಅಪ್‌ಡೇಟ್ ಒತ್ತಿ ನೋಡಿ. ಬಂದರೆ ಒಂದು ಸಾಲು ಬರೆದು ತಿಳಿಸಿ.